ಅಜ್ಜ ‘ಹ್ಞೂಂ’ ಅಂದದ್ದು ಯಾವುದಕ್ಕೆ?

ಗೆ,
ದಾವಣಗೆರೆ ಜಿಲ್ಲೆಯ ಎಲ್ಲ ಉಪನೋಂದಣಾಧಿಕಾರಿಗಳು ಹಾಗೂ ಜಿಲ್ಲಾ ನೋಂದಣಾಧಿಕಾರಿಗಳು
ಪ್ರತಿ: ಮಾನ್ಯ ಜಿಲ್ಲಾಧಿಕಾರಿಗಳು

ಮಾನ್ಯರೇ,

ನಾನು ಪತ್ರ ಬರೆದು ಹೊಟ್ಟೆ ಹೊರೆದವನು. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕಾಗಿದ್ದಾಗ ಛಾಪಾ ಕಾಗದದ ಮೇಲೆ ಮಸಿಪೆನ್ನಿನಲ್ಲಿ ಕ್ರಯಪತ್ರ ಬರೆಯಲು ಕೂತೆ. 1997ರಲ್ಲಿ ಜಿಲ್ಲೆ ಬೇರೆಯಾಯಿತು. ಮಸಿ ಹೋಗಿ ಟೈಪು ಬಂತು, ಟೈಪು ಹೋಗಿ ಕಂಪ್ಯೂಟರಿನ ‘ನುಡಿ’ ತಂತ್ರಾಂಶ ಬಂತು, ಈಗ ನೋಂದಣಿಯ ಆನ್‌ಲೈನ್ ವ್ಯವಸ್ಥೆ ಕಾವೇರಿ 2.0. ನಿಮ್ಮಲ್ಲಿ ಎಷ್ಟೋ ಜನ ಬಂದಿರಿ, ವರ್ಗವಾಗಿ ಹೋದಿರಿ. ನನ್ನ ಮೇಜು ಮಾತ್ರ ಇದ್ದಲ್ಲೇ ಇದೆ. ಆ ಸಲಿಗೆಯಿಂದ ಬರೆಯುತ್ತಿದ್ದೇನೆ. ದೂರು ಕೊಡಲಿಕ್ಕಲ್ಲ, ಕೊಡಲು ಹೊರಟರೆ ಮೊದಲನೆಯದನ್ನು ನನ್ನ ಮೇಲೇ ಕೊಡಬೇಕಾದೀತು.

ಹೋದ ವರ್ಷ ಮೆಕ್ಕೆಜೋಳದ ಸುಗ್ಗಿ ಮುಗಿದ ಮೇಲೆ ಒಂದು ಕ್ರಯಪತ್ರ ಬರೆದೆ. ಜಗಳೂರು ಕಡೆಯ 3 ಎಕರೆ 12 ಗುಂಟೆ ಖುಷ್ಕಿ ಜಮೀನು. ಬರೆದುಕೊಡುವವರು 80 ದಾಟಿದ ಅಜ್ಜ. ಕಾರಿನಲ್ಲಿ ಕೂರಿಸಿಕೊಂಡು ಬಂದವನು ಅವರ ತಮ್ಮನ ಮಗ. ಬರೆಸಿಕೊಳ್ಳುವವನು ಆ ತಮ್ಮನ ಮಗನ ಹೆಂಡತಿಯ ಅಣ್ಣ. ಪಹಣಿ ಸರಿಯಿತ್ತು, ಆಧಾರ್ ಸರಿಯಿತ್ತು, ಇ.ಸಿ. (ಋಣಭಾರ ಪತ್ರ) ಸರಿಯಿತ್ತು, ದುಡ್ಡು ಬ್ಯಾಂಕಿನ ಮೂಲಕವೇ ಅಜ್ಜನ ಖಾತೆಗೆ ಹೋಗಿತ್ತು. ಆ ಖಾತೆಯ ಎಟಿಎಂ ಕಾರ್ಡು ಯಾರ ಜೇಬಿನಲ್ಲಿತ್ತು ಅಂತ ನಾನು ಕೇಳಲಿಲ್ಲ.

ಕಛೇರಿಯೊಳಗೆ ಅಜ್ಜನನ್ನು ಕ್ಯಾಮೆರಾ ಮುಂದೆ ಕೂರಿಸಿದರು. ಯಾವ ಕಛೇರಿ ಅಂತ ಹೇಳುವುದಿಲ್ಲ, ಅದು ಮುಖ್ಯವೂ ಅಲ್ಲ. ನಡೆದ ಮಾತುಕತೆ ಇಷ್ಟು.

“ಅಜ್ಜಾರೇ, ಜಮೀನು ಮಾರಿದೀರಾ?”
“ಹ್ಞೂಂ.”
“ದುಡ್ಡು ಬಂತಾ?”
“ಹ್ಞೂಂ.”
“ಇದು ನಿಮ್ಮದೇ ಹೆಬ್ಬೆಟ್ಟಾ?”
“ಹ್ಞೂಂ.”

ಎರಡು ನಿಮಿಷವೂ ಆಗಲಿಲ್ಲ. ಹೊರಗೆ ಬಂದು ಚಹಾ ಕುಡಿಯುವಾಗ ಅಜ್ಜ ನನ್ನ ತೋಳು ಹಿಡಿದು, “ತಮ್ಮಾ, ಎತ್ತಿಗೆ ನೀರು ಕುಡಿಸಿದ್ಯಾ?” ಅಂದರು. ತಮ್ಮನ ಮಗ ನಕ್ಕ. “ಎತ್ತು ಮಾರಿ 15 ವರ್ಷ ಆತು ಸಾರ್, ಹಿಂಗೇ ಕೇಳ್ತಿರ್ತಾರೆ” ಅಂದ. ನಾನೂ ನಕ್ಕೆ. ವಯಸ್ಸಾಯ್ತಲ್ಲ, ಪಾಪ ಅಂದೆ. ಬರವಣಿಗೆಯ ದುಡ್ಡು ಎಣಿಸಿ ಜೇಬಿಗೆ ಹಾಕಿಕೊಂಡೆ.

ಹರಿಹರದ ಕಡೆ ಕೊಟ್ಟ ಮಗಳೊಬ್ಬಳು ಇದ್ದಳು. ಅವಳು ಕ್ರಯಪತ್ರ ರದ್ದು ಮಾಡಿಸಲು ದಾವೆ ಹಾಕಿದಳು. ಪತ್ರದ ಕೊನೆಯಲ್ಲಿ ‘ಬಿಕ್ಕಲಂ’, ಅಂದರೆ ಬರೆದವನು, ಅಂತ ನನ್ನ ಸಹಿ ಇದೆಯಲ್ಲ, ಸಾಕ್ಷಿ ಹೇಳಲು ಸಮನ್ಸ್ ಬಂತು. ಪಾಟೀಸವಾಲಿನಲ್ಲಿ ಮಗಳ ಪರ ವಕೀಲರು ನಾನು ಬರೆದ ಸಾಲನ್ನು ನನಗೇ ಓದಿಸಿದರು: ‘ನಾನು ನನ್ನ ಸ್ವಂತ ಇಚ್ಛೆಯಿಂದ, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯ ಪ್ರೇರೇಪಣೆಗೂ ಒಳಗಾಗದೆ, ಪತ್ರವನ್ನು ಓದಿಸಿ ಕೇಳಿ ತಿಳಿದು ಒಪ್ಪಿ ಬರೆದುಕೊಟ್ಟ ಶುದ್ಧ ಕ್ರಯಪತ್ರ.’

“ಸ್ವಸ್ಥ ಮನಸ್ಸು ಅಂತ ನಿಮಗೆ ಹೇಗೆ ಗೊತ್ತಾಯ್ತು?”

“ಎಲ್ಲಾ ಪತ್ರದಲ್ಲೂ ಹಂಗೇ ಬರೀತೀವಿ ಸ್ವಾಮಿ” ಅಂದೆ.

ಬಾಯಿಂದ ಹೊರಟ ಮೇಲೆಯೇ ಏನು ಹೇಳಿದೆ ಅಂತ ಗೊತ್ತಾಗಿದ್ದು. ದಾವೆ ಇನ್ನೂ ನಡೆಯುತ್ತಿದೆ, ಯಾರು ಸರಿ ಯಾರು ತಪ್ಪು ಅನ್ನುವ ಮಾತು ನನಗೆ ಬೇಡ. ಆದರೆ ಅವತ್ತಿನಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಕರಾರು ಮಾಡುವ ಅರ್ಹತೆ ಇದೆಯೋ ಇಲ್ಲವೋ ಅನ್ನುವುದನ್ನು ನಾವು ತಪ್ಪು ಜನರಲ್ಲಿ ಹುಡುಕುತ್ತಿದ್ದೇವೆ. ನಿಜಕ್ಕೂ ಕೇಳಬೇಕಾದ ಕಡೆ ಹೆಬ್ಬೆಟ್ಟು ಒತ್ತಿಸಿ ಕಳಿಸುತ್ತೇವೆ. ಕೇಳುವ ಅಗತ್ಯವೇ ಇಲ್ಲದವರನ್ನು ಮೂರು ಸಲ ಅಲೆಸುತ್ತೇವೆ.

ಕಾನೂನು ಏನನ್ನುತ್ತದೆ ಅಂತ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆದರೆ ಈ ಪತ್ರವನ್ನು ಊರಿನವರೂ ಓದುತ್ತಾರೆ, ಅವರಿಗಾಗಿ ಬರೆಯುತ್ತೇನೆ. 1872ರ ಕರಾರು ಕಾಯ್ದೆಯ 11ನೇ ಕಲಂ ಮೂರು ಮಾತು ಹೇಳುತ್ತದೆ: ಪ್ರಾಪ್ತ ವಯಸ್ಸಾಗಿರಬೇಕು, ಸ್ವಸ್ಥಚಿತ್ತ ಇರಬೇಕು, ಬೇರೆ ಯಾವ ಕಾನೂನೂ ಆ ವ್ಯಕ್ತಿಯನ್ನು ಕರಾರಿನಿಂದ ಹೊರಗಿಟ್ಟಿರಬಾರದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 7ನೇ ಕಲಂ ಇದನ್ನೇ ಜಮೀನು ಮಾರುವವರಿಗೂ ಅನ್ವಯಿಸುತ್ತದೆ. ಸ್ವಸ್ಥಚಿತ್ತ ಅಂದರೇನು ಅಂತ 12ನೇ ಕಲಂ ಬಿಡಿಸಿ ಹೇಳುತ್ತದೆ, ಇದು ನನಗೆ ಬಹಳ ಹಿಡಿಸಿದ ಕಲಂ. ಅದು ಕಾಯಿಲೆಯ ಹೆಸರು ಕೇಳುವುದಿಲ್ಲ, ವಯಸ್ಸು ಕೇಳುವುದಿಲ್ಲ. ಆ ಗಳಿಗೆಯಲ್ಲಿ ವ್ಯಕ್ತಿಗೆ ಆ ವ್ಯವಹಾರ ಅರ್ಥವಾಗುತ್ತಿತ್ತೇ, ಅದರಿಂದ ತನಗೆ ಲಾಭವೋ ನಷ್ಟವೋ ಅಂತ ತೂಗಿ ನೋಡುವ ಶಕ್ತಿ ಇತ್ತೇ ಅಂತ ಕೇಳುತ್ತದೆ, ಅಷ್ಟೇ. ಕಾಯ್ದೆಯೇ ಉದಾಹರಣೆ ಕೊಡುತ್ತದೆ: ಹುಚ್ಚಾಸ್ಪತ್ರೆಯಲ್ಲಿರುವ ರೋಗಿ ಕೂಡ ಮಧ್ಯೆ ಮಧ್ಯೆ ಬುದ್ಧಿ ತಿಳಿಯಾಗುವವನಾದರೆ ಆ ಹೊತ್ತಿನಲ್ಲಿ ಕರಾರು ಮಾಡಬಹುದು. ಚೆನ್ನಾಗಿರುವ ಮನುಷ್ಯನೇ ಆದರೂ ಜ್ವರ ತಲೆಗೇರಿ ಬಡಬಡಿಸುತ್ತಿರುವಾಗ, ಅಥವಾ ಏನು ಮಾಡುತ್ತಿದ್ದೇನೆ ಅಂತಲೇ ತಿಳಿಯದಷ್ಟು ಕುಡಿದಿರುವಾಗ ಮಾಡಲಾರ. 150 ವರ್ಷ ದಾಟಿದ ಕಾನೂನು, ಬ್ರಿಟಿಷರ ಕಾಲದ್ದು. ಆದರೂ ನಮ್ಮ ಇವತ್ತಿನ ಕಛೇರಿಗಳಿಗಿಂತ ಅದಕ್ಕೆ ಮನುಷ್ಯರ ಬಗ್ಗೆ ತಿಳಿವಳಿಕೆ ಜಾಸ್ತಿ ಇದೆ. (ಹೈವೇ ಡಾಬಾದಲ್ಲಿ ರಾತ್ರಿ 11 ಗಂಟೆಗೆ ಆಗುವ ಸೈಟ್ ಅಗ್ರಿಮೆಂಟುಗಳನ್ನು ಈ ಕಲಮಿನ ಮುಂದೆ ಹಿಡಿದರೆ ಎಷ್ಟು ಉಳಿಯುತ್ತವೋ ದೇವರಿಗೇ ಗೊತ್ತು. ಅದು ಬೇರೆ ಪತ್ರಕ್ಕೆ ಇರಲಿ.)

ನಿಮ್ಮದೇ 1908ರ ನೋಂದಣಿ ಕಾಯ್ದೆಯ 35ನೇ ಕಲಮಿಗೆ ಬನ್ನಿ. ಬರೆದುಕೊಟ್ಟವರು ಮೈನರ್ ಅಂತಲೋ ‘ಈಡಿಯಟ್’ ಅಂತಲೋ ‘ಲೂನಾಟಿಕ್’ ಅಂತಲೋ ನೋಂದಣಾಧಿಕಾರಿಗೆ ಕಂಡುಬಂದರೆ ನೋಂದಣಿ ನಿರಾಕರಿಸಬೇಕು. ಪದಗಳು ಕೊಳಕು, ನೂರು ವರ್ಷದ ಹಿಂದಿನವು. ಆದರೆ ‘ಕಂಡುಬಂದರೆ’ ಅನ್ನುವ ಮಾತು ನೋಡಿ. ಕಂಡುಬರಬೇಕಾದರೆ ಮೊದಲು ಆ ವ್ಯಕ್ತಿಯ ಕಡೆ ನೋಡಬೇಕು. ಈಗ ನಾವೆಲ್ಲ ನೋಡುವುದು ಪರದೆಯನ್ನು. ಫೋಟೋ ಬಂತೇ, ಬೆರಳು ಹಿಡಿಯಿತೇ, ಸರ್ವರ್ ಎದ್ದಿತೇ. ಬೆರಳಚ್ಚು ಯಾರದು ಅಂತ ಯಂತ್ರ ಹೇಳೀತು, ಏನು ತಿಳಿದು ಒತ್ತಿದರು ಅಂತ ಹೇಳುವುದು ಹೇಗೆ?

ಮೊದಲು ಇದಕ್ಕೊಂದು ತಡೆ ಇತ್ತು, ಕಾನೂನಿನಲ್ಲಲ್ಲ, ಊರಿನಲ್ಲಿ. ಜಗಳೂರಿನ ಜಮೀನು ಜಗಳೂರಿನಲ್ಲೇ ನೋಂದಣಿಯಾಗಬೇಕಿತ್ತು. ಅಜ್ಜನನ್ನು ಕಾರಿಂದ ಇಳಿಸುತ್ತಲೇ ಚಹಾದಂಗಡಿಯವನೋ, ಸಂತೆಗೆ ಬಂದ ಪಕ್ಕದ ಹೊಲದವನೋ, “ಯಾಕ್ರಿ ಅಜ್ಜಾರನ್ನ ಇಲ್ಲಿಗೆ ಕರ್ಕೊಂಡು ಬಂದೀರಿ? ಮಗಳಿಗೆ ಗೊತ್ತಾ?” ಅಂತ ಕೇಳುತ್ತಿದ್ದ. ಆ ಒಂದು ಮಾತಿಗೆ ಎಷ್ಟು ವ್ಯವಹಾರ ನಿಂತಿವೆಯೋ ನನ್ನ ಕಣ್ಣಾರೆ ಕಂಡಿದ್ದೇನೆ. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಯಾವ ಕಛೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಜನಕ್ಕೆ ಅನುಕೂಲವಾಗಿದೆ, ಇಲ್ಲ ಅನ್ನಲಾರೆ. ಚನ್ನಗಿರಿಯವರು ಸರತಿ ಸಿಗದೆ ಒದ್ದಾಡುವುದು ತಪ್ಪಿದೆ. ಆದರೆ ಅಜ್ಜನ ಗುರುತೇ ಇಲ್ಲದ ಊರನ್ನು ಹುಡುಕಿಕೊಂಡು ಹೋಗಲೂ ಅದೇ ಅನುಕೂಲ. ನನ್ನ ಹತ್ತಿರ ಅವರು ಬಂದದ್ದು ನನ್ನ ಅಕ್ಷರ ದುಂಡಗಿದೆ ಅಂತ ಇರಲಿಕ್ಕಿಲ್ಲ.

ಈಗ ಇನ್ನೊಂದು ಕಡೆಯದು ಹೇಳುತ್ತೇನೆ.

ಸಂಗೀತ ಪಾಠ ಹೇಳುವ ಒಬ್ಬ ಮೇಷ್ಟ್ರು, ಕಣ್ಣು ಕಾಣದವರು. ಇಪ್ಪತ್ತು ವರ್ಷ ದುಡಿದು ಕೂಡಿಟ್ಟು 30 ಅಡಿ 40 ಅಡಿಯ ಒಂದು ಸೈಟು ಕೊಳ್ಳಲು ಬಂದರು. ಕೌಂಟರಿನಲ್ಲಿ ಅವರನ್ನು ಬಿಟ್ಟು ನನ್ನನ್ನು ಕೇಳಿದರು: “ಗಾರ್ಡಿಯನ್ ಯಾರು?” ಮೇಷ್ಟ್ರು, “ನಂಗೆ 46 ವರ್ಷ ರೀ. ನಮ್ಮಪ್ಪ ಇದ್ದಿದ್ರೆ ಅವ್ರಿಗೇ ನಾನು ಗಾರ್ಡಿಯನ್ ಆಗ್ತಿದ್ದೆ” ಅಂದರು. ಎಲ್ಲರೂ ನಕ್ಕರು, ಕೆಲಸ ಮಾತ್ರ ಅವತ್ತು ಆಗಲಿಲ್ಲ. ಅವರಿಗೆ ಸಹಿ ಬರುತ್ತದೆ, ಚೆಂದವಾಗಿ ಬರುತ್ತದೆ. ಆದರೂ ಹೆಬ್ಬೆಟ್ಟು ಹಾಕಿ ಅಂದರು. ಇದೇ ಮೇಷ್ಟ್ರಿಗೆ ಹಿಂದೊಮ್ಮೆ ಒಂದು ಬ್ಯಾಂಕು ಲಾಕರ್ ಕೊಡಲು ಹಿಂದೆ ಮುಂದೆ ನೋಡಿತ್ತಂತೆ. ದೃಷ್ಟಿ ಇಲ್ಲದವರು ಕರಾರು ಮಾಡಲು ಕಾನೂನಿನ ಪ್ರಕಾರ ಪೂರ್ತಿ ಅರ್ಹರು, ಚೆಕ್‌ಬುಕ್ಕು, ಎಟಿಎಂ, ಲಾಕರ್, ಸಾಲ ಯಾವುದನ್ನೂ ಅವರಿಗೆ ತಾರತಮ್ಯ ಮಾಡದೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕು 2008ರ ಜೂನ್ ತಿಂಗಳಲ್ಲೇ ಸುತ್ತೋಲೆ ಕಳಿಸಿದೆ. ಸುತ್ತೋಲೆ ಮುಂಬೈಯಿಂದ ಹೊರಟು ನಮ್ಮ ಪಿ.ಬಿ. ರಸ್ತೆ ಮುಟ್ಟಲು ಇನ್ನೆಷ್ಟು ವರ್ಷ ಬೇಕೋ.

ಇನ್ನೊಬ್ಬ ಹೆಣ್ಣುಮಗಳು. ಹೊಲಿಗೆ ಕೆಲಸ ಮಾಡಿ ಮಗನನ್ನು ಓದಿಸಿದವಳು. ಮನಸ್ಸಿನ ಕಾಯಿಲೆಗೆ ಕೆಲವು ವರ್ಷದಿಂದ ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತಾಳೆ, ಅದನ್ನು ಮುಚ್ಚಿಟ್ಟವಳೂ ಅಲ್ಲ. ಅವಳದೇ ಹೆಸರಿನ ಮನೆ ಮಾರಲು ಬಂದಾಗ ಅವಳ ಅಣ್ಣ ಒಳಗೆ ಹೋಗಿ ಕಿವಿಯಲ್ಲಿ ‘ತಲೆ ಸರಿ ಇಲ್ಲ’ ಅಂದ. ಅಷ್ಟೇ ಸಾಕಾಯಿತು. ಡಾಕ್ಟರ್ ಸರ್ಟಿಫಿಕೇಟು ತನ್ನಿ ಅಂದರು, ತಂದಳು. ಇದಲ್ಲ, ಸರಕಾರಿ ಆಸ್ಪತ್ರೆಯದು ಅಂದರು, ತಂದಳು. ತಾರೀಖು ಹಳೆಯದಾಯಿತು ಅಂದರು. ಅಷ್ಟರಲ್ಲಿ ಕೊಳ್ಳುವವರು ಬೇರೆ ಮನೆ ನೋಡಿಕೊಂಡಿದ್ದರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 3ನೇ ಕಲಂ ಸ್ಪಷ್ಟವಾಗಿದೆ: ಮಾನಸಿಕ ಕಾಯಿಲೆ ಇದೆ ಅಂದ ಮಾತ್ರಕ್ಕೆ ಚಿತ್ತಸ್ವಾಸ್ಥ್ಯ ಇಲ್ಲ ಅಂತ ಅರ್ಥವಲ್ಲ, ಹಾಗೆ ಹೇಳಬೇಕಾದ್ದು ಅಧಿಕಾರವುಳ್ಳ ನ್ಯಾಯಾಲಯ. ಅಣ್ಣ ನ್ಯಾಯಾಲಯವಲ್ಲ. ಆ ಹೆಣ್ಣುಮಗಳು ಮನೆಯ ಬೆಲೆ ಎಷ್ಟು, ಬಾಕಿ ಎಷ್ಟು, ಮಗನ ಕಾಲೇಜಿನ ಶುಲ್ಕಕ್ಕೆ ಎಷ್ಟು ಕಟ್ಟಿ ಉಳಿದದ್ದರಲ್ಲಿ ಎಲ್ಲಿ ಬಾಡಿಗೆಗೆ ಹೋಗುವುದು ಅಂತ ನನ್ನ ಮೇಜಿನ ಮುಂದೆ ಲೆಕ್ಕ ಒಪ್ಪಿಸಿದ್ದಳು. 12ನೇ ಕಲಂ ಕೇಳುವುದಕ್ಕೆ ಇದಕ್ಕಿಂತ ಉತ್ತರ ಬೇಕೇ?

ಅಜ್ಜ ಎರಡು ನಿಮಿಷದಲ್ಲಿ ಪಾಸು. ಇವಳು ಮೂರು ತಿಂಗಳಿಗೂ ಫೇಲು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಕಲಮನ್ನು ನಿಮ್ಮ ಕಛೇರಿಗಳಲ್ಲಿ ಎಷ್ಟು ಜನ ಓದಿದ್ದಾರೋ ತಿಳಿಯದು. ಆಸ್ತಿ ಹೊಂದಲು, ತಮ್ಮ ಹಣದ ವ್ಯವಹಾರ ತಾವೇ ನೋಡಿಕೊಳ್ಳಲು, ಬ್ಯಾಂಕಿನ ಸಾಲ ಪಡೆಯಲು ಅಂಗವಿಕಲರಿಗೆ ಉಳಿದವರಷ್ಟೇ ಹಕ್ಕಿದೆ ಅಂತ ಅದು ಹೇಳುತ್ತದೆ. ಅದರಲ್ಲೇ ಇನ್ನೊಂದು ಮಾತಿದೆ. ಸಹಾಯಕ್ಕೆ ಬಂದವರಿಗೂ ಅಂಗವಿಕಲ ವ್ಯಕ್ತಿಗೂ ಒಂದು ಆಸ್ತಿ ವ್ಯವಹಾರದಲ್ಲಿ ಹಿತಾಸಕ್ತಿಯ ತಿಕ್ಕಾಟ ಬಂದರೆ, ಆ ವ್ಯವಹಾರದ ಮಟ್ಟಿಗೆ ಸಹಾಯಕರು ಪಕ್ಕಕ್ಕೆ ಸರಿಯಬೇಕು. ರಕ್ತಸಂಬಂಧಿ ಅಂದ ಮಾತ್ರಕ್ಕೆ ತಿಕ್ಕಾಟ ಇದೆ ಅಂತ ಊಹಿಸಬಾರದು ಅಂತಲೂ ಹೇಳಿದೆ, ನ್ಯಾಯವಾದ ಮಾತೇ. ಮುಪ್ಪಿನ ಮರೆವಿರುವ ಅಜ್ಜನಿಗಾಗಿ ಬರೆದ ಕಲಂ ಅದಲ್ಲ. ಆದರೂ ಅದರ ಬುದ್ಧಿಯನ್ನು ನಾವು ಕಡ ತರಬಹುದು. ಅಜ್ಜನ ಪರವಾಗಿ ಮಾತಾಡುತ್ತಿದ್ದವನು ಕೊಳ್ಳುವವನ ಭಾವ. ಅವನನ್ನು ಐದು ನಿಮಿಷ ಬಾಗಿಲ ಹೊರಗೆ ನಿಲ್ಲಿಸಿದ್ದರೆ ಸಾಕಿತ್ತು.

ಇಲ್ಲಿ ನನ್ನ ಹೆದರಿಕೆಯನ್ನೂ ಹೇಳಿಬಿಡಬೇಕು. ಈ ಪತ್ರ ಓದಿ ನಾಳೆಯಿಂದ ತಲೆ ನೆರೆತವರನ್ನೆಲ್ಲ ಡಾಕ್ಟರ್ ಚೀಟಿ ಕೇಳಲು ಶುರುಮಾಡಿದರೆ ನಾನು ಕೆಟ್ಟೆ. ಮುಪ್ಪು ಬೇರೆ, ಮರೆವು ಬೇರೆ. ಚನ್ನಗಿರಿ ಸೀಮೆಯ ಒಬ್ಬ ಅಜ್ಜಿ ಅಡಿಕೆ ತೋಟವನ್ನು ಮಗಳಿಗೆ ದಾನಪತ್ರ ಮಾಡಿಸಲು ಬಂದಿದ್ದರು. ಅಕ್ಷರ ಬಾರದು. ಗಂಡುಮಕ್ಕಳು ‘ಅಮ್ಮನಿಗೆ ಅರಳುಮರಳು’ ಅಂತ ಮೊದಲೇ ಹಬ್ಬಿಸಿದ್ದರು. ನಾನು ಚೆಕ್ಕುಬಂದಿ (ತೋಟದ ನಾಲ್ಕು ಗಡಿ) ಓದಿ ಹೇಳುವಾಗ ಅಜ್ಜಿ ತಡೆದು, “ಮೂಡಲಿಗೆ ಹಳ್ಳ ಅಲ್ಲ ಕಣಪ್ಪಾ, ಹಳ್ಳ ಇರೋದು ತೆಂಕಲಿಗೆ. ಮೂಡಲಿಗೆ ನಮ್ಮ ಭಾವನ ತೋಟ. ಇಷ್ಟು ವರ್ಷ ಬರೆದು ಇದನ್ನೂ ತಪ್ಪು ಬರೀತೀಯಾ?” ಅಂತ ಬೈದರು. ತಪ್ಪು ನನ್ನದೇ ಆಗಿತ್ತು. ಆವತ್ತಿನ ಅಧಿಕಾರಿ ಒಳ್ಳೆಯವರು, ಗಂಡುಮಕ್ಕಳನ್ನು ಹೊರಗೆ ಕಳಿಸಿ, “ಅಜ್ಜಿ, ಮಗಳಿಗೇ ಯಾಕೆ ಕೊಡ್ತೀರಿ?” ಅಂತ ಕೇಳಿದರು. “ಉಣ್ಣೋಕೆ ಹಾಕಿದೋಳು ಅವಳು” ಅಂದರು ಅಜ್ಜಿ. “ಮುಂದೆ ಅವಳೂ ನೋಡದಿದ್ರೆ?” ಅಂದದ್ದಕ್ಕೆ, “ಅದಕ್ಕೇ ನಾನಿರೋ ತನಕ ಫಸಲು ನಂದೇ ಅಂತ ಬರೆಸಿದೀನಲ್ಲ” ಅಂದರು. ಆ ಎರಡು ಪ್ರಶ್ನೆ ಎರಡು ಉತ್ತರವನ್ನು ಅಧಿಕಾರಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರು. ಆಮೇಲೆ ಗಂಡುಮಕ್ಕಳು ವಕೀಲರ ಹತ್ತಿರ ಹೋಗಿದ್ದರಂತೆ, ವಕೀಲರೇ ಬೇಡ ಅಂದರಂತೆ.

(ದಾನಪತ್ರ ಬರೆಸುವ ಹಿರಿಯರಿಗೆ ಒಂದು ಮಾತು, ಪುಕ್ಕಟೆ. ನಿಮ್ಮನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತಿದ್ದು ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ದಾನವನ್ನು ರದ್ದು ಮಾಡಿಸಬಹುದು. ‘ನಮ್ಮ ಹುಡುಗ ಹಂಗಲ್ಲ’ ಅಂತ ಬಿಡಬೇಡಿ. ಹುಡುಗ ಹಾಗಲ್ಲದಿದ್ದರೆ ಷರತ್ತಿನಿಂದ ಅವನಿಗೇನೂ ನಷ್ಟವಿಲ್ಲ.)

ಹಾಗಾಗಿ ನಾನು ಕೇಳುತ್ತಿರುವುದು ವೈದ್ಯಕೀಯ ಪರೀಕ್ಷೆಯಲ್ಲ. ಪ್ರಶ್ನೆ ಕೇಳುವ ರೀತಿ ಬದಲಾಗಲಿ. ‘ಹ್ಞೂಂ’ ಅಂದು ಮುಗಿಸಬಹುದಾದ ಪ್ರಶ್ನೆ ಬೇಡ. ಯಾವ ಹೊಲ ಕೊಡ್ತಿದೀರಿ? ಯಾರಿಗೆ? ಎಷ್ಟಕ್ಕೆ? ಆ ದುಡ್ಡು ಏನು ಮಾಡ್ತೀರಿ? ಇದಾದ ಮೇಲೆ ನಿಮಗೆ ಉಳಿಯೋದೇನು? ಇವಕ್ಕೆ ತಲೆಯಾಡಿಸಿ ತಪ್ಪಿಸಿಕೊಳ್ಳಲಾಗದು. ನಮ್ಮ ರೈತರ ಭಾಷೆಯಲ್ಲಿ, ಗ್ರಾಂಥಿಕ ಕನ್ನಡ ಬಿಟ್ಟು, ಕರೆತಂದವರನ್ನು ಹೊರಗಿಟ್ಟು ಕೇಳಿ. ಕಿವಿ ಕೇಳಿಸದವರಾದರೆ ಸನ್ನೆಭಾಷೆ ಬಲ್ಲವರನ್ನು ಕರೆಸಿ, ಆ ನೆಪಕ್ಕೆ ವಾಪಸು ಕಳಿಸಬೇಡಿ. ಎದ್ದು ಬರಲಾರದವರ ಮನೆಗೆ ನೀವೇ ಹೋಗಲು ನೋಂದಣಿ ಕಾಯ್ದೆಯ 31ನೇ ಕಲಮಿನಲ್ಲಿ ಅವಕಾಶವಿದೆ. ಹಾಸಿಗೆ ಹಿಡಿದವರನ್ನು ಆಟೋದಲ್ಲಿ ಮಡಚಿ ತರುವುದನ್ನು ನೋಡಿ ನನಗೆ ಸಾಕಾಗಿದೆ. ಮನೆಯಲ್ಲಿ ಕಂಡರೆ ಎಷ್ಟೋ ಸಂಗತಿ ಕೇಳದೆಯೂ ತಿಳಿಯುತ್ತದೆ.

ಕೇಳಿದ್ದನ್ನು ಬರೆದಿಡಿ, ಅವರು ಆಡಿದ ಮಾತಿನಲ್ಲೇ. ಜಗಳೂರಿನ ಅಜ್ಜನ ಮಗಳ ಕಷ್ಟ ಇರುವುದೇ ಇಲ್ಲಿ. ನೋಂದಾಯಿತ ಪತ್ರ ಅಂದರೆ ಕಾನೂನಿನ ಕಣ್ಣಲ್ಲಿ ಅದಕ್ಕೊಂದು ತೂಕ ಇದೆ. ಮನುಷ್ಯ ಸಾಮಾನ್ಯವಾಗಿ ಸ್ವಸ್ಥಚಿತ್ತ ಉಳ್ಳವನೇ ಅಂತ ನ್ಯಾಯಾಲಯ ಶುರುಮಾಡುತ್ತದೆ. ಇರಲಿಲ್ಲ ಅಂತ ರುಜುವಾತು ಮಾಡುವ ಹೊರೆ ಹಾಗೆ ಹೇಳಿದವರ ಮೇಲೆ. ಅವಳ ಕೈಲಿ ಇರುವುದು ಪತ್ರಕ್ಕಿಂತ ಎಂಟು ತಿಂಗಳು ಮೊದಲಿನ ಒಂದು ಆಸ್ಪತ್ರೆ ಚೀಟಿ. ಆವತ್ತು, ಆ ಗಳಿಗೆಯಲ್ಲಿ ಅಜ್ಜನ ಮನಸ್ಸು ಹೇಗಿತ್ತು ಅನ್ನುವುದಕ್ಕೆ ಪತ್ರದ ಹಿಂಬರಹದಲ್ಲಿ ಇರುವುದು ‘ಬರೆದುಕೊಟ್ಟಿದ್ದಾಗಿ ಒಪ್ಪಿರುತ್ತಾರೆ’ ಅನ್ನುವ ಮೊಹರು. ಕರಾರು ಕಾಯ್ದೆಯ 16ನೇ ಕಲಂ ವಯಸ್ಸು, ಕಾಯಿಲೆ, ಸಂಕಟಗಳಿಂದ ಮನಸ್ಸು ಕುಂದಿದವರ ಜೊತೆ ಮಾಡಿದ ವ್ಯವಹಾರವನ್ನು ಅನುಚಿತ ಪ್ರಭಾವದ ಸಾಲಿಗೆ ಸೇರಿಸುತ್ತದೆ, ಅವಳ ವಕೀಲರು ಅದನ್ನೂ ಹಿಡಿದಿದ್ದಾರೆ. ಆದರೂ ನಾಲ್ಕು ಸಾಲು ಅಜ್ಜನ ಮಾತು ಕಡತದಲ್ಲಿದ್ದಿದ್ದರೆ ಅವಳಿಗೆ ಅನುಕೂಲವಾಗುತ್ತಿತ್ತು, ಅಥವಾ ಕೊಂಡವನು ಪ್ರಾಮಾಣಿಕನಾಗಿದ್ದರೆ ಅವನಿಗೆ. ಯಾರಿಗಾದರೂ ಸರಿ, ಹತ್ತು ವರ್ಷದ ಅಲೆದಾಟ ಉಳಿಯುತ್ತಿತ್ತು.

ನಿರಾಕರಿಸುವುದಾದರೆ ಅದನ್ನೂ ಬರೆದು ಕೊಡಿ. ಬಾಯಲ್ಲಿ ‘ಆಗಲ್ಲ ಹೋಗಿ’ ಅನ್ನುವುದಕ್ಕೆ ನೋಂದಣಿ ಕಾಯ್ದೆಯಲ್ಲಿ ಜಾಗವಿಲ್ಲ. ಕಾರಣ ದಾಖಲಿಸಬೇಕು ಅಂತ 71ನೇ ಕಲಂ ಹೇಳುತ್ತದೆ. 30 ದಿನದೊಳಗೆ ಜಿಲ್ಲಾ ನೋಂದಣಾಧಿಕಾರಿಗೆ ಮೇಲ್ಮನವಿ ಹಾಕಲು 72ನೇ ಕಲಂ ದಾರಿ ಬಿಟ್ಟಿದೆ. ಹೊಲಿಗೆಯ ಹೆಣ್ಣುಮಗಳಿಗೆ ಮೂರು ಸಲದಲ್ಲಿ ಒಂದು ಸಲವಾದರೂ ‘ನಿರಾಕರಿಸಿದೆ, ಕಾರಣ ಇಂಥದ್ದು’ ಅಂತ ಬರೆದುಕೊಟ್ಟಿದ್ದರೆ ಅವಳಿಗೆ ಹೋಗಲೊಂದು ಬಾಗಿಲಿರುತ್ತಿತ್ತು. ಬರೆದು ಕೊಡಬೇಕಾಗುತ್ತದೆ ಅಂತಾದರೆ ಕಿವಿಮಾತಿನ ಮೇಲೆ ನಿರಾಕರಿಸುವವರೂ ಕಡಿಮೆಯಾಗುತ್ತಾರೆ ಅಂತ ನನ್ನ ಅನುಭವ.

ಮೈನರ್‌ಗಳ ವಿಷಯದಲ್ಲಿ ನಿಮ್ಮ ಕಛೇರಿಗಳು ತಕ್ಕಮಟ್ಟಿಗೆ ಎಚ್ಚರವಾಗಿವೆ. ಆಧಾರಿನಲ್ಲಿ ಹುಟ್ಟಿದ ತಾರೀಖು ಇರುತ್ತದೆ, ಯಂತ್ರ ಹಿಡಿದುಕೊಡುತ್ತದೆ. (ಹಳೆ ಕಾಲದ ಮುಖ್ಯೋಪಾಧ್ಯಾಯರು ಶಾಲೆಗೆ ಸೇರಿಸಿಕೊಳ್ಳಲು ಎಲ್ಲರಿಗೂ ಜೂನ್ 1 ಅಂತ ಬರೆದುಕೊಂಡದ್ದರಿಂದ ನಮ್ಮ ಸೀಮೆಯ ಅರ್ಧ ಜನ ಒಂದೇ ದಿನ ಪ್ರಾಪ್ತ ವಯಸ್ಕರಾದರು, ನಾನೂ ಅವರಲ್ಲೊಬ್ಬ.) 1875ರ ವಯಸ್ಕತ್ವ ಕಾಯ್ದೆಯ ಪ್ರಕಾರ 18 ತುಂಬಬೇಕು. ನ್ಯಾಯಾಲಯ ಪೋಷಕರನ್ನು ನೇಮಿಸಿದ್ದರೆ 21 ಅಂತ ಇದ್ದದ್ದು 1999ರ ತಿದ್ದುಪಡಿಯಿಂದ ಹೋಯಿತು. ಹಳಬರು ಇನ್ನೂ ಅದನ್ನೇ ಹೇಳುತ್ತಾ ಕೂತಿರುತ್ತಾರೆ. ಕೆಡುಕಾಗುತ್ತಿರುವುದು ನಿಮ್ಮ ಬಾಗಿಲಾಚೆ. ಬೈಕು ಕೊಡಿಸುವವರು, ಮೊಬೈಲು ಕಂತಿನಲ್ಲಿ ಮಾರುವವರು, ಕೈಗಡ ಕೊಡುವವರು 17 ವರ್ಷದ ಹುಡುಗರಿಂದ ಸಹಿ ಹಾಕಿಸಿಕೊಂಡು ನನ್ನ ಹತ್ತಿರ ಬಂದು, “18 ಆದ ಮೇಲೆ ಇನ್ನೊಂದು ಸಹಿ ಹಾಕಿಸಿಕೊಂಡ್ರೆ ಆಯ್ತಲ್ಲ?” ಅನ್ನುತ್ತಾರೆ. ಆಗುವುದಿಲ್ಲ. ಕಲ್ಕತ್ತದ ಧರ್ಮದಾಸ ಘೋಷ್ ಅನ್ನುವ ಹುಡುಗ ಮನೆಗಳನ್ನು 20,000 ರೂಪಾಯಿಗೆ ಅಡಮಾನ ಬರೆದುಕೊಟ್ಟಿದ್ದ. ಅವನು ಮೈನರ್ ಅಂತ ಸಾಲ ಕೊಟ್ಟವರ ಪ್ರತಿನಿಧಿಗೆ ಗೊತ್ತೇ ಇತ್ತು. 1903ರಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಆಗ ಎಲ್ಲಕ್ಕಿಂತ ಮೇಲಿದ್ದ ಲಂಡನ್ನಿನ ನ್ಯಾಯಪೀಠ, ಹೇಳಿತು: ಮೈನರ್ ಮಾಡಿದ ಕರಾರು ಮೊದಲಿಂದಲೇ ಶೂನ್ಯ. ಇಲ್ಲದ್ದನ್ನು ದೊಡ್ಡವನಾದ ಮೇಲೆ ಒಪ್ಪಿಕೊಳ್ಳುವುದು ಎಲ್ಲಿಂದ ಬಂತು? ಹುಡುಗ ವಯಸ್ಸು ಸುಳ್ಳು ಹೇಳಿದ್ದರೂ ಆ ಸುಳ್ಳನ್ನು ಹಿಡಿದು ಕರಾರನ್ನು ನಿಲ್ಲಿಸಿಕೊಳ್ಳಲಾಗದು. ಅವನಿಗೆ ಆದ ಲಾಭವನ್ನು ಹಿಂದಿರುಗಿಸು ಅಂತ ನ್ಯಾಯಾಲಯ ಹೇಳಬಹುದು, ಅದು ಬೇರೆ. ಹಾಗಂತ ಅನ್ನ, ಬಟ್ಟೆ, ಓದು, ಔಷಧಿ ಕೊಟ್ಟವರು ಬಾಯಿ ಬಡಿದುಕೊಳ್ಳಬೇಕಿಲ್ಲ. ಅಂಥ ಅಗತ್ಯಗಳ ಖರ್ಚನ್ನು ಮೈನರಿನ ಆಸ್ತಿಯಿಂದ ವಸೂಲು ಮಾಡಲು ಕರಾರು ಕಾಯ್ದೆಯ 68ನೇ ಕಲಂ ಇದೆ, ಆಸ್ತಿಯಿಂದ ಮಾತ್ರ, ಹುಡುಗನ ಕತ್ತಿನ ಪಟ್ಟಿ ಹಿಡಿದಲ್ಲ.

ನಿಮ್ಮೊಳಗೂ ಒಂದು ತೂತಿದೆ. ತಂದೆ ತೀರಿಹೋದ ಮೇಲೆ ಮಕ್ಕಳ ಹೆಸರಿಗೆ ಬಂದ ಸ್ವತ್ತನ್ನು ತಾಯಿ ‘ಮೈನರ್ ಗಾರ್ಡಿಯನ್’ ಆಗಿ ಮಾರುವಾಗ, ನಾವು ಬರಹಗಾರರು ‘ಮಕ್ಕಳ ವಿದ್ಯಾಭ್ಯಾಸಕ್ಕೂ ಕುಟುಂಬದ ಅಡಚಣೆಗೂ’ ಅಂತ ಕಣ್ಣು ಮುಚ್ಚಿ ಬರೆಯುತ್ತೇವೆ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯ 8ನೇ ಕಲಂ ಪ್ರಕಾರ ಮಗುವಿನ ಸ್ವಂತ ಸ್ಥಿರಾಸ್ತಿ ಮಾರಲು ನ್ಯಾಯಾಲಯದ ಮುಂಚಿತ ಅನುಮತಿ ಬೇಕು. ಒಟ್ಟು ಕುಟುಂಬದ ಅವಿಭಕ್ತ ಪಾಲಿನ ಮಾತು ಬೇರೆ. ಅನುಮತಿ ಎಲ್ಲಿ ಅಂತ ಕೇಳುವವರಿಲ್ಲ. ಮಗು ದೊಡ್ಡದಾಗಿ ಮೂರು ವರ್ಷದೊಳಗೆ ದಾವೆ ಹಾಕಿದರೆ ಕೊಂಡವನ ಮನೆ ಬಾಗಿಲಿಗೆ ಸಂಕಟ.

ಜಿಲ್ಲಾಧಿಕಾರಿಗಳಲ್ಲಿ ಒಂದು ಕೋರಿಕೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವಿಕಲತೆ ಇರುವವರಿಗೆ ಪೋಷಕರನ್ನು ನೇಮಿಸಲು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರುತ್ತದೆ, ಅದರಲ್ಲಿ ತಾವೂ ಇರುತ್ತೀರಿ. ನನ್ನ ಮೇಜಿಗೆ ಬರುವ ಅಪ್ಪ ಅಮ್ಮಂದಿರಲ್ಲಿ ಇದು ಗೊತ್ತಿರುವವರು ಅಪರೂಪ. ಪ್ರತಿ ನೋಂದಣಿ ಕಛೇರಿಯ ಗೋಡೆಗೂ ಒಂದು ದೊಡ್ಡ ಅಕ್ಷರದ ಹಾಳೆ ಅಂಟಿಸಿಸಿ, ಅದಕ್ಕೆ ಖರ್ಚೇನೂ ಇಲ್ಲ. ಅಲ್ಲೇ, ಎದುರಿನ ಗೋಡೆಗೆ, ‘ಗಂಡ ಬಂದಿದ್ದಾರಾ?’ ಅಂತ ಹೆಂಗಸರನ್ನು ಕೇಳುವ ಅಗತ್ಯವಿಲ್ಲ ಅಂತಲೂ ಅಂಟಿಸಿದರೆ ಒಳ್ಳೆಯದು. ಹಿಂದೂ ಹೆಣ್ಣುಮಗಳ ಸ್ವತ್ತಿಗೆ ಅವಳೇ ಪೂರ್ತಿ ಒಡತಿ ಅಂತ 1956ರಲ್ಲೇ ಕಾನೂನಾಗಿದೆ.

ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ಬೆಳಿಗ್ಗೆ ಸರ್ವರ್ ಏಳುವುದಿಲ್ಲ, ಮಧ್ಯಾಹ್ನಕ್ಕೆ ಕರೆಂಟು ಇಲ್ಲ, ಸಂಜೆಯೊಳಗೆ ಸರತಿ ಕೊಟ್ಟವರನ್ನೆಲ್ಲ ಮುಗಿಸಬೇಕು. ಎಲ್ಲರಿಗೂ ಐದು ನಿಮಿಷ ಕೊಡಿ ಅನ್ನುತ್ತಿಲ್ಲ. ಲೇಔಟಿನವರು ಒಂದೇ ದಿನ ಹತ್ತಾರು ಸೈಟು ಬರೆಸುವಾಗ ಯಾರ ಚಿತ್ತವನ್ನೂ ನೋಡುವ ಅಗತ್ಯವಿಲ್ಲ, ಅವರ ಚಿತ್ತ ಬಹಳ ಗಟ್ಟಿಯಾಗಿಯೇ ಇರುತ್ತದೆ. ಬೇರೆಯವರ ಕೈ ಹಿಡಿದು ಬಂದವರಿಗೆ, ತಮ್ಮ ಪರವಾಗಿ ಬೇರೆಯವರು ಮಾತಾಡುತ್ತಿರುವವರಿಗೆ ಕೊಡಿ. ದಿನಕ್ಕೆ ಅಂಥವರು ಇಬ್ಬರೋ ಮೂವರೋ.

ನನ್ನ ಕಡೆಯಿಂದ ಆಗುವುದನ್ನು ಶುರುಮಾಡಿದ್ದೇನೆ. ‘ಸ್ವಸ್ಥ ಮನಸ್ಸಿನಿಂದ’ ಅನ್ನುವ ಸಾಲು ಕಂಪ್ಯೂಟರಿನ ಮಾದರಿ ಪತ್ರದಲ್ಲಿ ತಾನಾಗಿ ಬರುತ್ತಿತ್ತು, ಅದನ್ನು ಅಳಿಸಿದ್ದೇನೆ. ಈಗ ಪ್ರತಿ ಸಲ ಬರೆದುಕೊಡುವವರ ಜೊತೆ ಮಾತಾಡಿ, ಕೈಯಾರೆ ಟೈಪು ಮಾಡುತ್ತೇನೆ. ಕಳೆದ ತಿಂಗಳು ಇಬ್ಬರಿಗೆ ಟೈಪು ಮಾಡಲು ಕೈ ಬರಲಿಲ್ಲ. ಪತ್ರ ಬರೆಯಲಾರೆ ಅಂದೆ, ಎದ್ದು ಹೋದರು. ಅವರು ಬೇರೆ ಯಾರ ಹತ್ತಿರವೋ ಬರೆಸಿಕೊಂಡು ನಿಮ್ಮಲ್ಲಿಗೆ ಬಂದಿರುತ್ತಾರೆ, ಅಥವಾ ನಾಳೆ ಬರುತ್ತಾರೆ. ಒಬ್ಬರು ಹೆಗಲ ಮೇಲೆ ಹಸಿರು ಟವೆಲ್ ಹಾಕಿದ ತಾತ. ಹೆಸರು ಕೇಳಿದರೆ ಸರಿಯಾಗಿಯೇ ಹೇಳುತ್ತಾರೆ. ದಯವಿಟ್ಟು ಹೊಲದ ಬಗ್ಗೆ ಕೇಳಿ.

ಇಂತಿ,
ಒಬ್ಬ ಪತ್ರ ಬರಹಗಾರ,
ದಾವಣಗೆರೆ